ಲಕ್ಷಣಶಾಸ್ತ್ರದ ವ್ಯಾಸಂಗವೂ ವಚನಗಾಯನವೂ

(ಮಠದ ಮಹೋತ್ಸವದ ಅಂಗವಾಗಿ ಕೋಲಾರದಲ್ಲಿ ಮಾಡಿದ ಉಪನ್ಯಾಸ)

 

ಈ ಸಭೆಯಲ್ಲಿ ಸಂಗೀತವನ್ನು ಕುರಿತು ಕೆಲವು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಸಂಗೀತವನ್ನು ಕೇಳಿ ಆನಂದಪಡುವವರು ತಾವೆಲ್ಲರೂ ಆಗಿರುವಿರಷ್ಟೆ. ಹಾಡತಕ್ಕವರೂ ಬಹುಮಂದಿ ಇರುವಿರಿ. ಆದರೆ ನಾನು ಹೇಳಬೇಕೆಂದಿರುವ ವಿಷಯವು ಕೇಳುವುದನ್ನಾಗಲಿ ಹಾಡುವುದನ್ನಾಗಲಿ ಕುರಿತದ್ದಲ್ಲ. ನಮ್ಮ ಮಕ್ಕಳು ಕಾಲೇಜಿಗೆ ಹೋಗಿ ಸಂಗೀತದ ಲಕ್ಷಣಶಾಸ್ತ್ರವನ್ನೂ, ಹೊಸ ಗೇಯಗಳನ್ನು ಕಟ್ಟುವ ಕ್ರಮವನ್ನೂ ವರ್ಷಾನುಗಟ್ಟಲೆ ಓದುತ್ತಾರೆ. ಆ ಓದಿನಿಂದ ನಮಗೆ ಆಗಬೇಕಾದ ಕೆಲಸವೇನಾದರೂ ಉಂಟೇ ಎಂಬುದೇ ನನ್ನ ವಿಷಯ.

ಈ ಪ್ರಶ್ನೆಯನ್ನು ನಾನು ಕಲ್ಪಿಸಿಕೊಂಡದ್ದಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ತಂದೆತಾಯಿಗಳು ಕೇಳುತ್ತಿರುವ ಪ್ರಶ್ನೆ ಇದು. ಮಾವಿನ ಫಸಲು ಕೈಗೆ ಹತ್ತಿದರೆ ಮಗಳ ಫೀಜು, ಹತ್ತದಿದ್ದರೆ ಸಾಲ. ರೇಷ್ಮೆಗೂಡಿಗೆ ಬೆಲೆ ಬಂದರೆ ಮಗನ ಊಟದ ಖರ್ಚು, ಬಾರದಿದ್ದರೆ ಒಂದು ಹಸುವಿನ ಮಾರಾಟ. ಹೀಗಿರುವಾಗ, “ಸ್ವಾಮಿ, ಮಗುವಿಗೆ ಕಂಠ ಒಳ್ಳೆಯದಿದೆ, ಹಾಡುತ್ತದೆ, ಸಾಲದೇ? ಈ ಮೇಳ, ಪ್ರಸ್ತಾರ, ಶ್ರುತಿ ಎಂದು ಮೂರು ವರ್ಷ ಏತಕ್ಕೆ?” ಎಂದು ಕೇಳಿದರೆ ಅವರನ್ನು ಆಕ್ಷೇಪಿಸುವಂತಿಲ್ಲ. ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿಯವರು ೧೯೨೮ರಲ್ಲಿ ಪ್ರಕಟಿಸಿದ ‘ಸುಬ್ಬಣ್ಣ’ ಎಂಬ ಕಥೆಯನ್ನು ತಮ್ಮಲ್ಲಿ ಅನೇಕರು ಓದಿರಬಹುದು. ವಿದ್ವಾಂಸನಾದ ತಂದೆಗೆ ಮಗನ ಸಂಗೀತದ ಹುಚ್ಚು ರುಚಿಸದೆ ಹೋದ ವ್ಯಥೆಯು ಅದರಲ್ಲಿ ಬರುತ್ತದೆ. ಆ ಮನೆಯ ಕಥೆ ಈಗಲೂ ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ. ಸಂಗೀತದ ಪದವಿಯನ್ನು ಪಡೆದವರಿಗೆಲ್ಲ ಉದ್ಯೋಗವು ದೊರೆತೇ ದೊರೆಯುವುದೆಂದು ನಾನು ಹೇಳಲಾರೆ. ಹಾಗೆ ಹೇಳಿ ಯಾರನ್ನಾದರೂ ಸಾಲಕ್ಕೆ ನೂಕುವುದು ಸರಿಯೂ ಅಲ್ಲ. ಆದ್ದರಿಂದ ಆ ವಿದ್ಯೆಯಿಂದ ಯಾವ ಕೆಲಸವಾಗಬಲ್ಲುದು ಎಂಬುದನ್ನು ನಾವು ಸ್ಪಷ್ಟವಾಗಿ ಅರಿತುಕೊಳ್ಳುವುದು ಅಗತ್ಯ.

ಶರಣರ ಮಠದಲ್ಲಿ ನಿಂತು ಈ ಮಾತನ್ನಾಡುವವನಿಗೆ ಮೊದಲು ಎದುರಾಗುವ ಆಕ್ಷೇಪಣೆಯು ಬಸವಣ್ಣನವರ ಹೆಸರಿನಲ್ಲಿಯೇ ಬರುತ್ತದೆ. ತನಗೆ ತಾಳದ ಮಾನವೂ ತಿಳಿಯದು, ಗಣಗಳ ಲೆಕ್ಕವೂ ತಿಳಿಯದು, ಮನಸ್ಸು ಒಲಿದ ಹಾಗೆ ಹಾಡುತ್ತೇನೆ ಎಂಬ ಅರ್ಥದ ಅವರ ವಚನವು ತಮಗೆಲ್ಲ ಕಂಠಪಾಠವಾಗಿದೆ. ಅಣ್ಣನವರೇ ಬೇಡವೆಂದ ಮೇಲೆ ನಮಗೇಕೆ ಎಂದು ಕೇಳುವವರುಂಟು. ಸ್ವಲ್ಪ ವಿಚಾರಮಾಡಿ ನೋಡೋಣ. ಆ ವಚನದಲ್ಲಿಯೇ ಅಮೃತಗಣ, ದೇವಗಣಗಳ ಹೆಸರುಗಳು ಬರುತ್ತವೆ. ಛಂದಸ್ಸಿನಲ್ಲಿ ಅಂಥ ವಿಭಾಗಗಳುಂಟೆಂಬುದೇ ಗೊತ್ತಿಲ್ಲದವನ ಬಾಯಲ್ಲಿ ಆ ಹೆಸರುಗಳು ಬರುವುದಾದರೂ ಹೇಗೆ? ಶಾಸ್ತ್ರವು ಭಕ್ತಿಯ ಮೇಲೆ ಅಧಿಕಾರ ನಡೆಸಬಾರದೆಂಬುದು ಅವರ ಅಭಿಪ್ರಾಯವೇ ಹೊರತು, ಶಾಸ್ತ್ರವನ್ನು ಅರಿಯಬೇಡಿರೆಂಬುದು ಅಲ್ಲವೆಂದು ನಾನು ತಿಳಿದಿದ್ದೇನೆ. ದೇಹವನ್ನೇ ವೀಣೆಯನ್ನಾಗಿ ಮಾಡಿ ನುಡಿಸೆಂದು ದೇವರನ್ನು ಬೇಡಿಕೊಂಡವರೂ ಅವರೇ. ಆ ವಚನದಲ್ಲಿ ದಂಡಿಗೆಯಾವುದು, ಸೋರೆಯಾವುದು, ತಂತಿಯಾವುದು ಎಂದು ವಾದ್ಯದ ಒಂದೊಂದು ಅಂಗವನ್ನೂ ಹೆಸರಿಸಿದ್ದಾರೆ.

ಮೇಲಾಗಿ, ಲಕ್ಷಣಶಾಸ್ತ್ರವು ನಮ್ಮ ನಾಡಿಗೆ ಹೊರಗಿನಿಂದ ಬಂದ ಸರಕಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ರಾಗಪ್ರಬಂಧಗಳ ವಿಚಾರವು ವಿಸ್ತಾರವಾಗಿ ಬಂದಿದೆ, ಧಾನ್ಯ ಕುಟ್ಟುವಾಗ ತ್ರಿಪದಿಯನ್ನೂ, ಮದುವೆಯಲ್ಲಿ ಧವಳವನ್ನೂ ಹಾಡುವ ರೂಢಿಯನ್ನು ಅರಸನು ತನ್ನ ಸಂಸ್ಕೃತ ಗ್ರಂಥದಲ್ಲಿ ದಾಖಲೆ ಮಾಡಿದ್ದಾನೆ. ಅರಮನೆಯಲ್ಲಿ ಕುಳಿತು ಒನಕೆಯ ಹಾಡಿಗೆ ಕಿವಿಗೊಟ್ಟ ಅರಸನು ಅವನು! ತೆಲುಗನ್ನೂ ಬಲ್ಲ ನಮ್ಮ ಸೀಮೆಯವರು ಪಾಲ್ಕುರಿಕೆ ಸೋಮನಾಥನ ‘ಪಂಡಿತಾರಾಧ್ಯಚರಿತ್ರ’ವನ್ನು ತೆರೆದು ನೋಡಿದರೆ, ಶಿವಭಕ್ತರ ಚರಿತ್ರೆಯ ನಡುವೆ ರಾಗಗಳ ಮತ್ತು ವಾದ್ಯಗಳ ಉದ್ದುದ್ದವಾದ ಪಟ್ಟಿಗಳನ್ನು ಕಾಣಬಹುದು. ನಿಜಗುಣಶಿವಯೋಗಿಗಳ ‘ವಿವೇಕಚಿಂತಾಮಣಿ’ಯಲ್ಲಿ ಸಂಗೀತಶಾಸ್ತ್ರವೂ ಸೇರಿದೆ, ‘ಕೈವಲ್ಯಪದ್ಧತಿ’ಯ ಹಾಡುಗಳನ್ನು ಕಟ್ಟಿದ ಕೈಯೇ ಆ ಶಾಸ್ತ್ರವಿಷಯಗಳನ್ನೂ ಸಂಗ್ರಹಿಸಿತು. ಇನ್ನು ೧೬ನೆಯ ಶತಮಾನದಲ್ಲಿ ಉತ್ತರದೇಶಕ್ಕೆ ಹೋಗಿ ‘ಸದ್ರಾಗಚಂದ್ರೋದಯ’ ಮೊದಲಾದ ಗ್ರಂಥಗಳನ್ನು ರಚಿಸಿದ ಪುಂಡರೀಕವಿಠ್ಠಲನು ತನ್ನ ಊರು ಶಿವಗಂಗೆಯ ಬೆಟ್ಟದ ಹತ್ತಿರದ ಸಾತನೂರೆಂದು ತಾನೇ ಹೇಳಿಕೊಂಡಿದ್ದಾನೆ.

ಈಗ ಕಾಲೇಜಿನ ವಿಚಾರಕ್ಕೆ ಬರೋಣ. ಗುರುವಿನ ಮನೆಯ ಜಗಲಿಯಿಂದ ಸಂಗೀತವು ಕಾಲೇಜಿನ ಕೊಠಡಿಗೆ ಬಂದದ್ದು ಕಳೆದ ಶತಮಾನದಲ್ಲಿ. ಲಾಹೋರಿನಲ್ಲಿ ೧೯೦೧ರಲ್ಲಿ ವಿಷ್ಣು ದಿಗಂಬರರು ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಭಾತಖಂಡೆಯವರ ಪ್ರಯತ್ನದಿಂದ ಲಕ್ನೋದಲ್ಲಿ ೧೯೨೬ರಲ್ಲಿ ಸಂಗೀತದ ಕಾಲೇಜು ಹುಟ್ಟಿತು. ಮದರಾಸಿನಲ್ಲಿ ಪಾಠ ಹೇಳುತ್ತಿದ್ದ ಪಿ. ಸಾಂಬಮೂರ್ತಿಯವರು ೧೯೩೧ರಲ್ಲಿ ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋಗಿ ಪಾಶ್ಚಾತ್ಯರ ಸ್ವರಮೇಳನದ ಶಾಸ್ತ್ರವನ್ನು ಅಭ್ಯಾಸಮಾಡಿ ಬಂದು, ನಮ್ಮ ಸಂಗೀತವನ್ನು ಪಠ್ಯಪುಸ್ತಕಗಳ ಕ್ರಮಕ್ಕೆ ಅಳವಡಿಸಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೬೦ರ ದಶಕದಲ್ಲಿ ಲಲಿತಕಲೆಗಳ ಕಾಲೇಜು ಬಂದಿತು. ಆಮೇಲೆ ೨೦೦೯ರ ಕಾಯಿದೆಯಂತೆ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಮೈಸೂರಿನಲ್ಲಿ ಏರ್ಪಟ್ಟಿತು. ಮಾಲೂರಿನಲ್ಲಿ ರೈಲು ಹತ್ತಿದ ಹುಡುಗನಿಗೆ ಬೆಂಗಳೂರಾಗಲಿ, ಅತ್ತ ಚೆನ್ನೈಯಾಗಲಿ ದೂರವಲ್ಲ.

ಅಲ್ಲಿ ಕಲಿಸುವ ಲಕ್ಷಣವೆಂದರೇನು? ಒಂದು ಉದಾಹರಣೆಯನ್ನು ಮಾತ್ರ ಹೇಳುತ್ತೇನೆ. ಸಪ್ತಸ್ವರಗಳಲ್ಲಿ ಷಡ್ಜವೂ ಪಂಚಮವೂ ಅಚಲವಾದವು. ರಿಷಭ ಗಾಂಧಾರಗಳ ಜೋಡಿಯನ್ನು ಆರು ಬಗೆಯಾಗಿ ಇಡಬಹುದು. ಧೈವತ ನಿಷಾದಗಳ ಜೋಡಿಯನ್ನೂ ಆರು ಬಗೆಯಾಗಿ ಇಡಬಹುದು. ಆರಾರಲ ಮೂವತ್ತಾರು. ಶುದ್ಧಮಧ್ಯಮದೊಡನೆ ಒಂದು ಮೂವತ್ತಾರು, ಪ್ರತಿಮಧ್ಯಮದೊಡನೆ ಇನ್ನೊಂದು ಮೂವತ್ತಾರು. ಒಟ್ಟು ೭೨ ಮೇಳಗಳಾದವು. ೧೭ನೆಯ ಶತಮಾನದಲ್ಲಿ ವೆಂಕಟಮಖಿಯು ‘ಚತುರ್ದಂಡಿಪ್ರಕಾಶಿಕೆ’ಯಲ್ಲಿ ಹೀಗೆ ಎಣಿಸಿ, ಇದರಲ್ಲಿ ಒಂದನ್ನು ಹೆಚ್ಚಿಸುವುದಾಗಲಿ ಕಡಿಮೆಮಾಡುವುದಾಗಲಿ ಹಣೆಗಣ್ಣನಿಂದಲೂ ಆಗದು ಎಂದು ಜಂಬ ಕೊಚ್ಚಿಕೊಂಡನು. (ಶಿವಭಕ್ತರ ಸಭೆಯಲ್ಲಿ ಇದನ್ನು ಹೇಳಿದ್ದಕ್ಕೆ ಕ್ಷಮೆಯಿರಲಿ; ಗ್ರಂಥದಲ್ಲಿರುವ ಮಾತು.) ಆದರೆ ಅವನ ಕಾಲದಲ್ಲಿ ಬಳಕೆಯಲ್ಲಿದ್ದ ಮೇಳಗಳು ೧೯ ಮಾತ್ರವೆಂದು ಅವನೇ ಬರೆದಿದ್ದಾನೆ. ಮಿಕ್ಕ ೫೩ ಮೇಳಗಳು ಆಗ ಯಾರೂ ವಾಸವಿಲ್ಲದ ಕೋಣೆಗಳಂತಿದ್ದವು. ಲಕ್ಷ್ಯವು ಮುಂದೆ, ಲಕ್ಷಣವು ಅದರ ಹಿಂದೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ; ಇಲ್ಲಿ ಹಾಗಾಗಲಿಲ್ಲ. ಶಾಸ್ತ್ರವು ಮನೆಯನ್ನು ಮೊದಲೇ ಕಟ್ಟಿಟ್ಟಿತು, ವಾಗ್ಗೇಯಕಾರರು ಆಮೇಲೆ ಬಂದು ದೀಪ ಹಚ್ಚಿದರು. ೨೦ನೆಯ ಶತಮಾನದಲ್ಲಿ ಕೋಟೀಶ್ವರ ಅಯ್ಯರರು ೭೨ ಮೇಳಗಳಲ್ಲಿಯೂ ಕೃತಿಗಳನ್ನು ರಚಿಸಿದರು.

ಕಾಲೇಜುಗಳಲ್ಲಿ ನಾನು ಕಾಣುವ ಕೊರತೆಯೂ ಇಲ್ಲಿಯೇ ಇದೆ. ವಿದ್ಯಾರ್ಥಿಯು ೭೨ ಹೆಸರುಗಳನ್ನು ಗಿಳಿಯಂತೆ ಒಪ್ಪಿಸುತ್ತಾನೆ, ೩೫ ತಾಳಗಳ ಕೋಷ್ಟಕವನ್ನು ಬರೆಯುತ್ತಾನೆ, ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾನೆ. ನಾಲ್ಕು ಪಂಕ್ತಿಗಳ ಒಂದು ಕನ್ನಡ ಪದವನ್ನು ಕೊಟ್ಟು ಇದಕ್ಕೆ ಧಾತುವನ್ನು ಕೂಡಿಸೆಂದರೆ ಕೈಕಟ್ಟಿ ನಿಲ್ಲುತ್ತಾನೆ. ಲಕ್ಷಣದ ಪಾಠ ಒಂದು ಕೊಠಡಿಯಲ್ಲಿ, ರಚನೆಯ ಪಾಠವು ಇದ್ದರೆ ಇನ್ನೊಂದು ಕೊಠಡಿಯಲ್ಲಿ. ಸೌದೆ ಒಂದು ಮನೆಯಲ್ಲಿ, ಒಲೆ ಇನ್ನೊಂದು ಮನೆಯಲ್ಲಿ ಇದ್ದರೆ ಅಡಿಗೆಯಾಗುವುದೆಂತು?

ಆ ಎರಡನ್ನೂ ಕೂಡಿಸತಕ್ಕ ಕೆಲಸವೊಂದು ನಮ್ಮ ಮುಂದೆಯೇ ಬಿದ್ದಿದೆ. ಅದು ವಚನಗಾಯನ. ಹನ್ನೆರಡನೆಯ ಶತಮಾನದಲ್ಲಿ ಶರಣರು ತಮ್ಮ ವಚನಗಳನ್ನು ಯಾವ ಧಾಟಿಯಲ್ಲಿ ನುಡಿದರೋ ಹಾಡಿದರೋ, ಆ ಧಾಟಿಯು ನಮಗೆ ಉಳಿದುಬಂದಿಲ್ಲ. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚುಮಾಡಿಸಿದ ಮೇಲೆ ವಚನಗಳು ಮನೆಮನೆಗೂ ಬಂದವು, ಗಾಯಕರ ಕೈಗೂ ಬಂದವು. ಧಾರವಾಡದ ಮುರುಘಾಮಠದ ಭಕ್ತರಾಗಿದ್ದ ಮಲ್ಲಿಕಾರ್ಜುನ ಮನ್ಸೂರರು (೧೯೧೦–೧೯೯೨) ಹಾಡಿದ ವಚನಗಳನ್ನು ಕೇಳಿದವರು ಅದನ್ನು ಮರೆಯಲಾರರು. ಆದರೆ ಅಂಥವರು ಎಷ್ಟು ಮಂದಿ? ಉಳಿದಂತೆ ನಡೆಯುತ್ತಿರುವುದೇನು? ವಚನದ ಮೊದಲ ಪಂಕ್ತಿಯನ್ನು ಪಲ್ಲವಿಯೆಂದು ಕರೆಯುವುದು, ಎರಡೆರಡು ಪಂಕ್ತಿಗಳಿಗೊಮ್ಮೆ ಅದಕ್ಕೆ ಹಿಂದಿರುಗುವುದು, ಕಡೆಯಲ್ಲಿ ಅಂಕಿತವನ್ನು ಮೂರು ಸಲ ತಿರುಗಿಸಿ ಮುಕ್ತಾಯ ಹಾಕುವುದು. ಧಾಟಿಯೋ, ಸಿನಿಮಾದಿಂದ ಎರವಲು.

ಇದರಿಂದ ಆಗುವ ಹಾನಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅನೇಕ ವಚನಗಳಲ್ಲಿ ಉಪಮಾನದ ಮೇಲೆ ಉಪಮಾನವು ಏರುತ್ತ ಹೋಗಿ, ಅರ್ಥವು ಅಂಕಿತದ ಹತ್ತಿರಕ್ಕೆ ಬಂದಾಗ ಮಾತ್ರ ತೆರೆಯುತ್ತದೆ. ಅಂಥ ವಚನದ ನಡುನಡುವೆ ಪಲ್ಲವಿಗೆ ಹಿಂದಿರುಗಿದರೆ, ಮೆಟ್ಟಿಲು ಹತ್ತುತ್ತಿರುವವನನ್ನು ಎರಡು ಮೆಟ್ಟಿಲಿಗೊಮ್ಮೆ ಕೆಳಗಿಳಿಸಿದಂತಾಗುತ್ತದೆ. ಇನ್ನೊಂದು ಹಾನಿ ತಾಳದಿಂದ ಬರುವುದು. ಆದಿತಾಳದ ಎಂಟು ಅಕ್ಷರಕಾಲಗಳನ್ನು ತುಂಬುವುದಕ್ಕಾಗಿ ಹ್ರಸ್ವಾಕ್ಷರವನ್ನು ಎಳೆಯುತ್ತಾರೆ. ಆಗ ‘ಮರ’ವು ‘ಮಾರ’ನಾಗುತ್ತದೆ, ‘ಕಡು’ ಎಂಬುದು ‘ಕಾಡು’ ಆಗುತ್ತದೆ. ಶರಣರು ಹೇಳಿದ ಮರವು ಮನ್ಮಥನಾಗಿಬಿಟ್ಟರೆ ಕೇಳುವವರ ಗತಿಯೇನು! ಮೂರನೆಯದಾಗಿ ಅಂಕಿತ. ಅದು ವಚನದ ಬಾಲವಲ್ಲ. ಇಡೀ ವಚನವು ಹೋಗಿ ಸೇರುವ ನೆಲೆ ಅದು. ಅಲ್ಲಿ ಸ್ವರವು ಷಡ್ಜದಲ್ಲಿಯೋ ಪಂಚಮದಲ್ಲಿಯೋ ನಿಂತು ವಿಶ್ರಮಿಸಬೇಕಲ್ಲದೆ ಚಪ್ಪಾಳೆಗಾಗಿ ಕುಣಿಯಬಾರದು.

ಹಾಗಾದರೆ ಮಾರ್ಗವೇನು? ಮಾರ್ಗವು ಮುಳಬಾಗಿಲಿನಲ್ಲಿಯೇ ಇದೆ. ೧೫ನೆಯ ಶತಮಾನದಲ್ಲಿ ಅಲ್ಲಿ ನೆಲಸಿದ್ದ ಶ್ರೀಪಾದರಾಜರು ರಂಗವಿಠಲ ಎಂಬ ಅಂಕಿತದಿಂದ ಕನ್ನಡದಲ್ಲಿ ದೇವರನಾಮಗಳನ್ನು ಕಟ್ಟಿ ಹಾಡಿದವರು. ಸಂಸ್ಕೃತವೇ ಮೆರೆಯುತ್ತಿದ್ದ ಮಠದ ಪೂಜೆಯ ಹೊತ್ತಿನಲ್ಲಿ ಕನ್ನಡದ ಹಾಡಿಗೆ ಸ್ಥಾನ ಕೊಟ್ಟರು. ಅವರ ಬಳಿ ಓದಿದ ವ್ಯಾಸರಾಯರಿಂದ ಪುರಂದರದಾಸರವರೆಗೆ ಆ ಪರಂಪರೆಯು ಹರಿಯಿತು. ಮತವು ಬೇರೆ, ಅದರ ವಿಚಾರ ಇಲ್ಲಿ ಬೇಡ. ಗೇಯರಚನೆಯ ಕುಶಲತೆಯನ್ನು ಯಾರಿಂದಲಾದರೂ ಕಲಿಯಬಹುದು. ಆ ದಾಸರು ಬಳಸಿದ ಎರಡು ಬಂಧಗಳನ್ನು ನಮ್ಮ ವಿದ್ಯಾರ್ಥಿಯು ಗಮನಿಸಬೇಕು. ಒಂದು ಉಗಾಭೋಗ. ಅದಕ್ಕೆ ತಾಳದ ಕಟ್ಟಿಲ್ಲ, ಪಲ್ಲವಿ ಚರಣಗಳ ವಿಭಾಗವಿಲ್ಲ. ಕೆಲವೇ ಪಂಕ್ತಿಗಳು, ಮಾತಿನ ನಡೆಯನ್ನೇ ಅನುಸರಿಸುವ ರಾಗ, ಕಡೆಯಲ್ಲಿ ಅಂಕಿತ. ಇದರ ಆಕಾರವನ್ನೂ ವಚನದ ಆಕಾರವನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ಅಕ್ಕತಂಗಿಯರ ಮುಖದ ಹೋಲಿಕೆ ಕಾಣುತ್ತದೆ. ಇನ್ನೊಂದು ಸುಳಾದಿ. ಅದರಲ್ಲಿ ಒಂದೊಂದು ಖಂಡಕ್ಕೆ ಒಂದೊಂದು ತಾಳ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳಿಗೆ ಸುಳಾದಿ ತಾಳಗಳೆಂಬ ಹೆಸರು ಬಂದದ್ದು ಹೀಗೆ. ಅರ್ಥವು ಹೊರಳಿದಲ್ಲಿ ನಡೆಯೂ ಹೊರಳುತ್ತದೆ.

ಆದ್ದರಿಂದ ಚಿಕ್ಕ ವಚನವನ್ನು ಉಗಾಭೋಗದಂತೆ ತಾಳವಿಲ್ಲದೆ, ಅಕ್ಷರದ ಹ್ರಸ್ವದೀರ್ಘಗಳನ್ನು ಕಾಪಾಡಿಕೊಂಡು ಹಾಡಬಹುದು. ದೀರ್ಘವಾದ ವಚನವನ್ನು ಸುಳಾದಿಯಂತೆ ಖಂಡಖಂಡವಾಗಿ ಬೇರೆಬೇರೆ ನಡೆಗಳಲ್ಲಿ ಕಟ್ಟಬಹುದು ಎಂಬುದು ನನ್ನ ಸೂಚನೆ. ಇದನ್ನು ಮಾಡುವುದಕ್ಕೆ ಕಂಠಮಾತ್ರ ಸಾಲದು. ತ್ರಿಪದಿಯಲ್ಲಿ ಹನ್ನೊಂದು ಗಣಗಳುಂಟು, ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಮಿಕ್ಕವು ವಿಷ್ಣುಗಣ ಎಂಬ ಛಂದಸ್ಸಿನ ಅರಿವು ಬೇಕು. ಅನೇಕ ವಚನಗಳ ನಡೆಯಲ್ಲಿ ಆ ತ್ರಿಪದಿಯ ಉಸಿರೇ ಕೇಳಿಬರುತ್ತದೆ. ಯಾವ ರಾಗವು ಯಾವ ಸ್ವರದಲ್ಲಿ ನಿಲ್ಲಲು ಎಡೆಗೊಡುತ್ತದೆಯೆಂಬ ನ್ಯಾಸದ ಅರಿವು ಬೇಕು. ಇವೆಲ್ಲವೂ ಕಾಲೇಜಿನ ಪುಸ್ತಕದಲ್ಲಿ ಇರುವ ವಿಷಯಗಳೇ; ಪುಸ್ತಕದಿಂದ ಅವುಗಳನ್ನು ಎತ್ತಿ ಈ ಕೆಲಸಕ್ಕೆ ಹಚ್ಚುವವರು ಬೇಕಾಗಿದ್ದಾರೆ, ಅಷ್ಟೆ. ಮುಳಬಾಗಿಲಿನಲ್ಲಿಯೇ ೧೮೮೭ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ತಮ್ಮ ‘ಅಂತಃಪುರಗೀತೆ’ಯ ಪದಗಳಿಗೆ ರಾಗಗಳನ್ನು ಸೂಚಿಸಿಯೇ ಅಚ್ಚುಮಾಡಿಸಿದರು. ಬರೆಯುವಾಗಲೇ ಕಿವಿಯು ಎಚ್ಚರವಾಗಿರಬೇಕೆಂಬುದಕ್ಕೆ ಅದೊಂದು ನಿದರ್ಶನ.

ಪಾಶ್ಚಾತ್ಯ ರಚನಾಕ್ರಮದ ಮಾತು ಬಂದರೆ ನಮ್ಮಲ್ಲಿ ಕೆಲವರಿಗೆ ಭಯ, ಕೆಲವರಿಗೆ ಮೋಹ. ಎರಡೂ ಬೇಕಾಗಿಲ್ಲ. ನಮ್ಮ ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರು (೧೯೧೯–೧೯೭೪) ಪಾಶ್ಚಾತ್ಯ ಸಂಗೀತದಲ್ಲಿ ಪರಿಶ್ರಮಿಸಿ ೧೯೪೫ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದವರು. ರಷ್ಯದ ರಚನಕಾರ ಮೆಟ್ನರನು ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದನು. ಅಂಥವರು ‘ಶ್ರೀವಿದ್ಯಾ’ ಅಂಕಿತದಲ್ಲಿ ೯೪ ಕೃತಿಗಳನ್ನು ಕಟ್ಟುವಾಗ ಪಿಯಾನೊವಿನ ಸ್ವರಗುಚ್ಛಗಳನ್ನು ತಂದು ಅದರೊಳಗೆ ತುರುಕಲಿಲ್ಲ. ಅಪೂರ್ವವಾದ ರಾಗಗಳನ್ನು ಹುಡುಕಿ ಕರ್ಣಾಟಕ ಸಂಪ್ರದಾಯದ ಬಂಧದಲ್ಲಿಯೇ ರಚಿಸಿದರು. ಎರಡನ್ನೂ ಚೆನ್ನಾಗಿ ಬಲ್ಲವನಿಗೆ ಎಲ್ಲಿ ಬೆರಸಬಾರದೆಂಬುದೂ ತಿಳಿಯುತ್ತದೆ ಎಂದು ನನಗೆ ತೋರುತ್ತದೆ.

ಆ ಶಾಸ್ತ್ರದಿಂದ ನಮಗೆ ದೊರೆಯುವ ಒಂದು ನೇರವಾದ ಪ್ರಯೋಜನವನ್ನು ಹೇಳುತ್ತೇನೆ. ನಮ್ಮ ಭಜನೆಗಳಲ್ಲಿ ಹಾರ್ಮೋನಿಯಂ ಸರ್ವತ್ರ ಇದೆ. ತಂಬೂರಿಯನ್ನು ಸರಿಯಾಗಿ ಶ್ರುತಿಮಾಡಿ ಮೀಟಿದರೆ ಮಂದ್ರಷಡ್ಜದ ತಂತಿಯೊಳಗಿನಿಂದ ಅಂತರಗಾಂಧಾರವು ತಾನಾಗಿಯೇ ಹೊಮ್ಮುತ್ತದೆ. ಕಿವಿಯುಳ್ಳವರು ಅದನ್ನು ಕೇಳಿದ್ದೀರಿ. ಹಾರ್ಮೋನಿಯಂನ ಅಂತರಗಾಂಧಾರವು ಅದಕ್ಕಿಂತ ಸ್ವಲ್ಪ ಎತ್ತರದಲ್ಲಿದೆ. ಸ್ಥಾಯಿಯೊಂದನ್ನು ೧೨೦೦ ಅಂಶಗಳಾಗಿ ವಿಭಾಗಿಸಿದರೆ ತಂಬೂರಿಯ ಗಾಂಧಾರವು ೩೮೬ರಲ್ಲಿಯೂ, ಸಮಾನವಾಗಿ ಹನ್ನೆರಡು ಪಾಲು ಮಾಡಿದ ಮನೆಗಳ ಹಾರ್ಮೋನಿಯಂನ ಗಾಂಧಾರವು ೪೦೦ರಲ್ಲಿಯೂ ಬರುತ್ತದೆ. ಈ ೧೪ ಅಂಶಗಳ ವ್ಯತ್ಯಾಸವೇ ಎರಡನ್ನೂ ಒಟ್ಟಿಗೆ ಕೇಳಿದಾಗ ಉಂಟಾಗುವ ಕಸಿವಿಸಿಗೆ ಕಾರಣ. ಪಾಶ್ಚಾತ್ಯರು ಒಂದು ಷಡ್ಜದಿಂದ ಇನ್ನೊಂದು ಷಡ್ಜಕ್ಕೆ ಸುಲಭವಾಗಿ ಹೋಗುವ ಅನುಕೂಲಕ್ಕಾಗಿ ಈ ಚಿಕ್ಕ ಅಪಸ್ವರವನ್ನು ತಿಳಿದೇ ಒಪ್ಪಿಕೊಂಡರು. ನಮಗೆ ಆ ಪ್ರಯಾಣವೇ ಇಲ್ಲ; ನಾವೇಕೆ ಅದರ ಸುಂಕವನ್ನು ತೆರಬೇಕು?

ಅವರ ಪ್ರತಿಸ್ವರವಿದ್ಯೆಯಲ್ಲಿ, ಎಂದರೆ ಒಂದು ಧಾಟಿಗೆ ಎದುರಾಗಿ ಇನ್ನೊಂದು ಧಾಟಿಯನ್ನು ನಡೆಸುವ ವಿದ್ಯೆಯಲ್ಲಿ, ಫುಕ್ಸ್ ಎಂಬವನು ೧೭೨೫ರಲ್ಲಿ ಬರೆದ ಪಾಠಕ್ರಮವು ಇಂದಿಗೂ ಬಳಕೆಯಲ್ಲಿದೆ. ಮೊದಲು ಒಂದು ಸ್ವರಕ್ಕೆ ಒಂದು, ಆಮೇಲೆ ಒಂದಕ್ಕೆ ಎರಡು, ಹೀಗೆ ಐದು ಸೋಪಾನಗಳು. ರಾಗದ ಗಮಕಗಳು ಇದನ್ನು ಪೂರ್ತಿಯಾಗಿ ಸಹಿಸಲಾರವು. ಆದರೂ ಮಠದ ಪ್ರಾರ್ಥನೆಯಲ್ಲಿ ನೂರು ಜನ ಒಟ್ಟಾಗಿ ಹಾಡುವಾಗ, ಮುಂದಾಳು ಒಬ್ಬನು ವಚನವನ್ನು ನುಡಿಯುತ್ತಿರಲು ಮಿಕ್ಕವರು ಷಡ್ಜಪಂಚಮಗಳನ್ನು ಹಿಡಿದು ನಿಲ್ಲುವಷ್ಟನ್ನಾದರೂ ಪ್ರಯೋಗಿಸಿ ನೋಡಬಹುದು.

ತಮಟೆಯ ವಿಷಯ ಒಂದು ಮಾತು. ಹಳೆಯ ಕೋಲಾರ ಜಿಲ್ಲೆಗೆ ಸೇರಿದ್ದು ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ೨೦೨೩ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ತಮಟೆಗೆ ಸಂದ ಗೌರವವದು. ೩೫ ತಾಳಗಳನ್ನು ಬಾಯಿಪಾಠ ಮಾಡಿದ ನಮ್ಮ ವಿದ್ಯಾರ್ಥಿಗಳು ತಮ್ಮ ಊರಿನ ತಮಟೆಯ ಒಂದು ಗತ್ತನ್ನು ಲಿಪಿಯಲ್ಲಿ ಬರೆದಿಡಲಿ ನೋಡೋಣ. ಅದು ಪರೀಕ್ಷೆಯ ಕಾಗದಕ್ಕಿಂತ ಕಷ್ಟವಾದ ಪರೀಕ್ಷೆ.

ಮಠಗಳು ಸಂಗೀತವಿದ್ಯೆಯನ್ನು ಸಾಕಿದ್ದಕ್ಕೆ ದೂರ ಹುಡುಕಬೇಕಾಗಿಲ್ಲ. ಹಾನಗಲ್ಲಿನ ಕುಮಾರಸ್ವಾಮಿಗಳು ಕಣ್ಣಿಲ್ಲದ ಬಾಲಕನೊಬ್ಬನ ಕಂಠವನ್ನು ಗುರುತಿಸಿ ವಿದ್ಯೆ ಹೇಳಿಸಿದರು. ಆತನೇ ಕರ್ಣಾಟಕ, ಹಿಂದೂಸ್ತಾನಿ ಎರಡು ಪದ್ಧತಿಗಳಲ್ಲಿಯೂ ಪಾರಂಗತರಾದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪). ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಬೆಳೆಸಿದರು. ಅಲ್ಲಿ ಅನ್ನವೂ ವಿದ್ಯೆಯೂ ಒಂದೇ ಪಂಕ್ತಿಯಲ್ಲಿ ಬಡಿಸಲ್ಪಟ್ಟವು.

ಅಷ್ಟು ದೊಡ್ಡದನ್ನು ನಾನು ಬೇಡುವುದಿಲ್ಲ. ಶ್ರೀ ಸನ್ನಿಧಾನದಲ್ಲಿ ನನ್ನ ಬಿನ್ನಹವು ಇಷ್ಟೇ. ಈ ನಾಲ್ಕು ತಾಲ್ಲೂಕುಗಳಿಂದ ಸಂಗೀತದ ಕಾಲೇಜಿಗೆ ಹೋಗಿರುವ ಮಕ್ಕಳಲ್ಲಿ ಬಡವರಾದ ಒಬ್ಬಿಬ್ಬರಿಗೆ ಮಠದಿಂದ ವಿದ್ಯಾರ್ಥಿವೇತನವು ದೊರೆಯಲಿ. ಅದಕ್ಕೆ ಪ್ರತಿಯಾಗಿ ಅವರು ವರ್ಷಕ್ಕೆ ಒಂದೇ ಒಂದು ವಚನಕ್ಕೆ ಧಾತುವನ್ನು ಕೂಡಿಸಿ, ಸ್ವರಲಿಪಿಯೊಡನೆ ಬರೆದು ತರಲಿ. ಶಿವರಾತ್ರಿಯ ರಾತ್ರಿ ಜಾಗರಣೆಗೆ ಬಂದ ಜನರಿಗೆ ಅದನ್ನು ಕಲಿಸಲಿ. ಪಂಡಿತರ ತೀರ್ಪು ಬೇಡ. ಬೆಳಗಿನ ಜಾವಕ್ಕೆ ಶ್ರೀನಿವಾಸಪುರದ ಬಸ್ಸನ್ನು ಕಾಯುತ್ತ ನಿಂತ ಹೆಣ್ಣುಮಕ್ಕಳ ಬಾಯಲ್ಲಿ ಆ ಧಾಟಿಯು ಉಳಿದಿದ್ದರೆ ಆ ಬರಹವನ್ನು ಮಠದ ಪುಸ್ತಕಭಂಡಾರದಲ್ಲಿ ಇಡಿಸೋಣ; ಉಳಿಯದಿದ್ದರೆ ಮಗುವು ಮುಂದಿನ ವರ್ಷ ಮತ್ತೆ ಪ್ರಯತ್ನಿಸಲಿ. ಪ್ರಾರ್ಥನಾಮಂದಿರಕ್ಕೆ ಒಳ್ಳೆಯ ತಂಬೂರಿಯೊಂದನ್ನು ಕೊಡಿಸುವ ಭಾರವನ್ನು ಇಲ್ಲಿರುವ ಭಕ್ತರಲ್ಲಿ ಯಾರಾದರೂ ಹೊರುವುದಾದರೆ, ಅದನ್ನು ಶ್ರುತಿಮಾಡುವ ಕ್ರಮವನ್ನು ಪ್ರತಿ ಸೋಮವಾರ ಬಂದು ಕಲಿಸಿಕೊಡಲು ನಾನು ಸಿದ್ಧನಾಗಿದ್ದೇನೆ.